ಸ್ಟೆಲ್ಲಾ ಮೇಡಂ ಪಕ್ಕದ ಕುರ್ಚಿ

...ಇಲ್ಲ, ಸ್ವೆಟರು ಹಸಿರು ಇರಲಾರದು. ಹಸಿರು ಎಂದು ಬರೆದು ಹೊಡೆದುಹಾಕಿದೆ. ಕಂದು ಎಂದು ಬರೆದೆ, ಅದೂ ಸರಿಬರಲಿಲ್ಲ. ಬೇಸಗೆಯಲ್ಲೂ ಸ್ಟೆಲ್ಲಾ ಮೇಡಂ ಸ್ವೆಟರು ಹಾಕುತ್ತಿದ್ದರು ಎನ್ನುವುದು ಮಾತ್ರ ನಿಜ. ಅವರ ತಲೆಯ ಮೇಲಿನ ಫ್ಯಾನಿನ ರೆಗ್ಯುಲೇಟರ್ ಕೆಟ್ಟಿತ್ತು. ತಿರುಗಿದರೆ ಪೂರ್ತಿ ರಭಸದಲ್ಲೇ ತಿರುಗುತ್ತಿತ್ತು. ಆರಿಸಿದರೆ ಕೌಂಟರಿನಾಚೆ ನಿಂತ ಹುಡುಗರು ಬೆವರುತ್ತಾರೆಂದು ಅವರು ಆರಿಸುತ್ತಿರಲಿಲ್ಲ. ಈ ಕಾರಣವನ್ನು ಅವರೇ ಹೇಳಿದ್ದರೋ, ನಾನು ಆಮೇಲೆ ಸೇರಿಸಿಕೊಂಡೆನೋ. ಇಷ್ಟಪಟ್ಟವರ ವಿಷಯದಲ್ಲಿ ನನ್ನ ನೆನಪು ಬಹಳ ಬೇಗ ಅಚ್ಚುಕಟ್ಟಾಗಿಬಿಡುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಕುರ್ಚಿಯ ವಿಷಯದಲ್ಲಿ ಅನುಮಾನವಿಲ್ಲ. ಸ್ಟೆಲ್ಲಾ ಮೇಡಂ ಮೈಸೂರಿನ ನಮ್ಮ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಪಿಎಚ್.ಡಿ. ವಿದ್ಯಾರ್ಥಿಗಳ ನೋಂದಣಿ, ಫೆಲೋಶಿಪ್ಪು, ಎಲ್ಲವೂ ಅವರ ಮೇಜು ದಾಟಿಯೇ ಹೋಗಬೇಕು. ಮೇಜಿನ ಪಕ್ಕ ಒಂದು ಮರದ ಕುರ್ಚಿ, ಅದರ ಮೇಲೆ ಅವರ ಟಿಫಿನ್ ಬ್ಯಾಗು. ಫೆಲೋಶಿಪ್ಪು ಬಂತೇ ಎಂದು ಕೇಳಲು ಹೋದವರ ಮುಖ ನೋಡಿ ಅವರು ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರೆ, ಒಳಗೆ ಬಂದು ಕೂರು ಎಂದರ್ಥ.

"ಬಂದಿಲ್ಲ. ಊಟ ಆಯ್ತಾ?" ಅದು ಮೊದಲ ಮಾತು. ಎರಡನೆಯದು, "ಏನ್ ಓದ್ತಾ ಇದೀಯ ಹೇಳು. ನಂಗೆ ತಿಳಿಯೋ ಹಂಗೆ."

ಹೇಳಲೇಬೇಕಿತ್ತು. ಕೆಮಿಸ್ಟ್ರಿಯವರು ದೋಸೆ ಹಿಟ್ಟಿನ ಉದಾಹರಣೆ ಕೊಡುತ್ತಿದ್ದರು, ಗಣಿತದವರು ತಲೆ ಕೆರೆದುಕೊಳ್ಳುತ್ತಿದ್ದರು. ಮೇಡಂ ಸ್ಟೇಪ್ಲರ್ ಒತ್ತುತ್ತಲೇ ಕೇಳಿಸಿಕೊಳ್ಳುವರು. ತೊಂದರೆಯೆಂದರೆ, ಒಬ್ಬರದನ್ನು ಇನ್ನೊಬ್ಬರ ಜೊತೆ ಕಲಸಿಬಿಡುವರು. ರೇಷ್ಮೆ ಹುಳದ ರೋಗದ ಮೇಲೆ ಕೆಲಸ ಮಾಡುವ ಒಬ್ಬ, ಸಹಕಾರಿ ಬ್ಯಾಂಕುಗಳ ಮೇಲೆ ಮಾಡುವ ಒಬ್ಬ ಇದ್ದರು. ಅವರಿಬ್ಬರೂ ಬಂದುಹೋದ ಮೇಲೆ ನನ್ನತ್ತ ತಿರುಗಿ, "ಈಗ ಹೋದ್ನಲ್ಲ, ಪಾಪ, ಬ್ಯಾಂಕಿಗೆ ಬರೋ ಕಾಯಿಲೆ ಮೇಲೆ ಬರೀತಿದಾನೆ ಕಣಮ್ಮ. ಕಷ್ಟದ ಸಬ್ಜೆಕ್ಟು" ಎಂದಿದ್ದರು.

ನನ್ನ ವಿಷಯ ಹಳೆಯ ಸಂಸ್ಥಾನದ ಶಿಕ್ಷಣ ಇಲಾಖೆಯ ಆಡಳಿತ. ಅದನ್ನು ಹೇಳುವಾಗ ನನಗೇ ಆಕಳಿಕೆ ಬರುತ್ತಿತ್ತು.

ಆ ವರ್ಷ ನನ್ನ ಮಾರ್ಗದರ್ಶಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಪ್ರತಿ ತಿಂಗಳು ಮಾರ್ಗದರ್ಶಕರ ಸಹಿ ಬಿದ್ದರೆ ಮಾತ್ರ ಫೆಲೋಶಿಪ್ಪು. ಸಹಿ ಮಾಡುವವರೇ ಇಲ್ಲದಿದ್ದರೆ ಫೆಲೋಶಿಪ್ಪು ನಿಲ್ಲುತ್ತದೆ. ಹೊಸಬರು ಬೇಗ ಸಿಗದಿದ್ದರೆ ನೋಂದಣಿಯೇ ರದ್ದು. ಕೇಳಿದ ಪ್ರಾಧ್ಯಾಪಕರೆಲ್ಲ ಜಾಗವಿಲ್ಲ ಎಂದರು. ಇಲವಾಲದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಗುವಂತಿತ್ತು. ವಿಜಯನಗರದ ರೂಮು ಖಾಲಿ ಮಾಡಿ ಅಲ್ಲಿಗೆ ಹೋಗುವುದೆಂದು ನಿರ್ಧರಿಸಿ, ಹೇಳಿ ಹೋಗೋಣವೆಂದು ಮೇಡಂ ಹತ್ತಿರ ಬಂದೆ.

ಅವರು ಬ್ಯಾಗನ್ನು ಎತ್ತಿದರು. ಆದರೆ ಕೂರಿಸಲಿಲ್ಲ. "ನಡಿ" ಎಂದರು.

ಕೆಳಮಹಡಿಯ ಪ್ರಾಧ್ಯಾಪಕ ಶಿವನಂಜಪ್ಪ ಸರ್ ನಿವೃತ್ತಿಗೆ ಹತ್ತಿರವಿದ್ದರೂ ಇನ್ನೊಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳುತ್ತಿರಲಿಲ್ಲ ಅಷ್ಟೆ. ನಾವು ಹೋದಾಗ ಚಿತ್ರಾನ್ನ ತಿನ್ನುತ್ತಿದ್ದರು.

"ಮೇಡಂ, ನೀವು ಮಹಡಿ ಇಳಿದು ಬಂದಿದೀರಿ ಅಂದ್ರೆ ನಂಗೆ ಭಯ. ಆಗಲ್ಲ."

"ನಾನಿನ್ನೂ ಏನೂ ಕೇಳೇ ಇಲ್ವಲ್ಲ ಸಾರ್. ಈ ಹುಡುಗಿ ವಾರಾನ್ನದ ಮೇಲೆ ಬರೀತಿದಾಳೆ. ಬಡ ಹುಡುಗ್ರು ದಿನಕ್ಕೊಂದು ಮನೇಲಿ ಉಂಡು ಓದ್ತಿದ್ರಲ್ಲ, ಅದು. ಉಂಡ ಹುಡುಗ್ರ ವಿಷ್ಯ ಅಲ್ಲ ಸಾರ್, ಬಡಿಸಿದ ಹೆಂಗಸ್ರ ವಿಷ್ಯ."

ನಾನು ಬಾಯಿ ತೆರೆದೆ. ನನ್ನ ಪಾದದ ಮೇಲೆ ಏನೋ ಒತ್ತಿತು. ಮೇಡಂ ಚಪ್ಪಲಿ ಇರಬಹುದು, ಮೇಜಿನ ಕಾಲು ತಗುಲಿದ್ದೂ ಇರಬಹುದು.

ಸರ್ ಚಮಚ ಕೆಳಗಿಟ್ಟರು. "ಬಡಿಸಿದೋರು ಯಾರಾದ್ರೂ ಇದಾರಾ ಈಗ?"

"ಹುಡುಕ್ಬೇಕು ಸರ್" ಎಂದೆ.

"ಅವರ ಹೆಣ್ಣುಮಕ್ಕಳಾದ್ರೂ ಇರ್ತಾರೆ. ಎಪ್ಪತ್ತು ಎಂಬತ್ತು ಆಗಿರುತ್ತೆ, ಬೇಗ ಹುಡುಕಿ." ಡಬ್ಬಿಯ ಮುಚ್ಚಳ ಹಾಕಿ, "ಎಲ್ಲಿ ಸೈನ್ ಹಾಕ್ಬೇಕು?" ಎಂದು ಕೇಳಿದರು. ಒಪ್ಪಿಗೆಯ ಅರ್ಜಿ ಟಿಫಿನ್ ಬ್ಯಾಗಿನಿಂದ ಹೊರಬಂತು.

ಹೊರಗೆ ಕಾರಿಡಾರಿನಲ್ಲಿ ಹೇಳಿದೆ, "ಮೇಡಂ, ನನ್ನ ವಿಷಯ ಅದಲ್ಲ."

"ಅದಲ್ವಾ? ಮತ್ತೆ ಅದು ಯಾರ್ದು?"

"ಯಾರದ್ದೂ ಅಲ್ಲ."

"ಯಾರ್ದೂ ಅಲ್ದಿದ್ರೆ ನಿಂದೇ ಮಾಡ್ಕೊ ಬುಡು" ಎಂದು ಮೆಟ್ಟಿಲು ಹತ್ತಿದರು.

ವಿಷಯ ಬದಲಾವಣೆಗೆ ಸಮಿತಿಯ ಒಪ್ಪಿಗೆ ಬೇಕಿತ್ತು. ಆ ಕಡತವನ್ನು ಅವರೇ ಮೇಜಿಂದ ಮೇಜಿಗೆ ಹೊತ್ತುಕೊಂಡು ಓಡಾಡಿದರು. ನಿಂತಿದ್ದ ಫೆಲೋಶಿಪ್ಪು ಮತ್ತೆ ಶುರುವಾಯಿತು. ನಾನು ಅಗ್ರಹಾರದ ಹಳೆಯ ಮನೆಗಳ ಬಾಗಿಲು ತಟ್ಟಿದೆ. ಮಂಗಳವಾರದ ಹುಡುಗನಿಗೆ ಮೊಸರು ಸಾಲದೆ ತನ್ನ ಪಾಲಿನದನ್ನು ಬಡಿಸುತ್ತಿದ್ದ ಅಮ್ಮನ ಬಗ್ಗೆ ಮುದುಕಿಯೊಬ್ಬರು ಹೇಳುವಾಗ ನನಗೆ ಆಕಳಿಕೆ ಬರಲಿಲ್ಲ.

ಪ್ರಬಂಧ ಮುಗಿಯುವಷ್ಟರಲ್ಲಿ ಮೇಡಂ ನಿವೃತ್ತರಾಗಿದ್ದರು. ಅರ್ಜಿ, ಸಹಿ ಎಲ್ಲ ಆನ್‌ಲೈನ್ ಪೋರ್ಟಲ್ಲಿಗೆ ಹೋಗಿತ್ತು. ಕೌಂಟರಿಗೆ ಗಾಜು ಬಂದಿತ್ತು, ಕುರ್ಚಿಯ ಜಾಗದಲ್ಲಿ ಪ್ರಿಂಟರು. ಕ್ರಿಸ್‌ಮಸ್ ಮುಗಿದ ವಾರ ಪ್ರಬಂಧದ ಒಂದು ಪ್ರತಿ ಹಿಡಿದು ಶ್ರೀರಾಂಪುರದ ಅವರ ಮನೆಗೆ ಹೋದೆ. ಬಾಲಯೇಸುವಿನ ಗೋದಲಿ ಇನ್ನೂ ತೆಗೆದಿರಲಿಲ್ಲ. ತೀರ ಸಣ್ಣಗಾಗಿದ್ದರು. ಸ್ವೆಟರಿತ್ತು. ಬಣ್ಣವನ್ನು ಆಗಲೂ ನೋಡಿಕೊಳ್ಳಲಿಲ್ಲ.

ತಂಗಿಯನ್ನು ಕರೆದು ನನ್ನನ್ನು ತೋರಿಸಿದರು. "ಇವಳೇ ಕಣೇ, ರೇಷ್ಮೆ ಹುಳದ ಮೇಲೆ ಬರೆದೋಳು."

"ಮೇಡಂ, ವಾರಾನ್ನ."

"ಹೂಂ, ಅದೇ."

ಕೇಳಿಯೇಬಿಟ್ಟೆ. "ಅವತ್ತು ಸರ್ ಹತ್ರ ಮರೆತು ಹೇಳಿದ್ರಾ, ಬೇಕಂತ ಹೇಳಿದ್ರಾ?"

"ಯಾವತ್ತು?" ಎಂದರು. ತುಟಿಯ ತುದಿ ಅಲುಗಿತು. ನಗುವೋ, ನಿತ್ರಾಣವೋ. "ಊಟ ಆಯ್ತಾ? ಆಗಿಲ್ಲ ತಾನೆ. ಕೂತ್ಕೊ." ಪಕ್ಕದ ಕುರ್ಚಿಯ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಮುಂದಿನ ಕ್ರಿಸ್‌ಮಸ್‌ಗೆ ಅವರಿರಲಿಲ್ಲ.

ಮೇಡಂ ಕೊಡದ ಉತ್ತರವನ್ನು ನಾನೇ ಕಟ್ಟಿಕೊಂಡಿದ್ದೆ. ನಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಆ ಕುರ್ಚಿಯಲ್ಲಿ ಕುಳಿತು ಅದನ್ನೊಮ್ಮೆ ಮೇಡಂಗೆ ಹೇಳಿದ್ದೆ. ಅದನ್ನೇ ಅವರು ನನ್ನ ಸಂಶೋಧನೆಯ ಜೊತೆ ಕಲಸಿಕೊಂಡಿರಬೇಕು. ಹೋದ ತಿಂಗಳು ಅಪ್ಪನ ಹತ್ತಿರ ಇದನ್ನು ಹೇಳಿದಾಗ ಅವರು ಆಶ್ಚರ್ಯಪಟ್ಟರು. "ತಾತ ವಾರಾನ್ನ ಉಣ್ಲಿಲ್ಲ ಕಣಮ್ಮ. ಹಾಸ್ಟೆಲ್‌ನಲ್ಲಿದ್ರು. ಯಾರ್ ಹೇಳಿದ್ದು ನಿಂಗೆ?"

ಯಾರು ಹೇಳಿದ್ದೆಂದು ನನಗೆ ಗೊತ್ತಿಲ್ಲ. ಬಡಿಸಿದ ಹೆಂಗಸರು ಸ್ಟೆಲ್ಲಾ ಮೇಡಂಗೆ ಎಲ್ಲಿಂದ ನೆನಪಾದರು ಎಂಬುದೂ ಗೊತ್ತಿಲ್ಲ.