ಹಿರೇಮಠ ಮೇಡಂ ಮತ್ತು ಸಣ್ಣ ಧೂಳು

ಹಿರೇಮಠ ಮೇಡಂ ಸಿಟ್ಟಿಗೆದ್ದರೆ ಕರಿಹಲಗೆಗೇ ಗುದ್ದುತ್ತಿದ್ದರು. ವಿಜಯಪುರದವರು, ಎತ್ತರದ ಆಳು, ಕಂಚಿನ ಕಂಠ. ಚಿಕ್ಕಬಾಣಾವರದ ಆಚೆ ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಅವರ ಕೈಕೆಳಗೆ ನಾನು ಸಂಶೋಧನೆಗೆ ಸೇರಿದ್ದೆ. ಧೂಳು ತುಂಬಿದ ಗಾಳಿಯೊಳಗೆ ಬೆಳಕು ಹಾಯಿಸಿ, ಅದು ಯಾವ ದಿಕ್ಕಿಗೆ ಎಷ್ಟು ಚದುರಿತೆಂದು ಅಳೆದು, ಅದರಿಂದ ಕಣಗಳ ಗಾತ್ರ ಲೆಕ್ಕಹಾಕುವುದು ನಮ್ಮ ಕೆಲಸ. ಅಳತೆಯಲ್ಲಿ ಸಾಸಿವೆಯಷ್ಟು ತಪ್ಪಿದರೂ ಉತ್ತರ ಹುಚ್ಚೆದ್ದು ಕುಣಿಯುತ್ತದೆ.

ಒಮ್ಮೆ ನನ್ನ ಉತ್ತರದಲ್ಲಿ ಕಣಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿದಿತ್ತು. ಮೇಡಂ ಕೀಬೋರ್ಡ್ ಕಿತ್ತು ಗೋಡೆಗೆ ಬೀಸಿದರು. “ಇಲ್ಲದ್ದಕ್ಕಿಂತ ಕಡಿಮಿ ಧೂಳು ಎಲ್ಲಿ ಐತಲೇ? ನಿಮ್ಮ ಮಾವನ ಮನ್ಯಾಗೇನು?” ಆಮೇಲೆ ಪಕ್ಕದಲ್ಲೇ ಕೂತು, ಕುಣಿಯುವ ಗೆರೆಯನ್ನು ಹದಕ್ಕೆ ತರುವ ಬಗೆಯನ್ನು ಸಂಜೆಯವರೆಗೆ ತೋರಿಸಿದರು. “ಲಗಾಮು ಹಾಕಬೇಕು ತಮ್ಮಾ. ಆದ್ರ ಭಾಳ ಬಿಗಿದ್ರ ಖರೇನೂ ಸಾಯತೈತಿ.”

ಹೆಸರಘಟ್ಟದ ಕಡೆ ಒಂದು ಶಾಲೆಗೆ ಅಂಟಿಕೊಂಡಂತೆ ಜಲ್ಲಿ ಕ್ರಷರ್ ಇತ್ತು. ಮಕ್ಕಳು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದರು. ಊರವರು ಕೇಳಿಕೊಂಡಿದ್ದರಿಂದ ಮೇಡಂ ಶಾಲೆಯ ತಾರಸಿಯ ಮೇಲೆ ಯಂತ್ರ ಹೂಡಿದರು. ಎದೆಯೊಳಗಿಳಿಯುವ ಸಣ್ಣ ಧೂಳು ನಮ್ಮ ನಕ್ಷೆಯಲ್ಲಿ ಗುಡ್ಡದಂತೆ ಎದ್ದುನಿಂತಿತು. ಸುದ್ದಿ ತಿಳಿದ ಕ್ರಷರ್ ಮಾಲೀಕ ತನ್ನ ಡ್ರೈವರ್ ಜೊತೆ ತಾರಸಿ ಹತ್ತಿ ಬಂದ.

“ಮೇಡಂ, ಆ ಗುಡ್ಡ ಒಸಿ ತಟ್ಟಿ ಸಾಪ್ ಮಾಡ್ಬಿಡಿ. ಇಂಗೂ ಮಾಡ್ಬೋದು ಅಂತ ನಿಮ್ ಕಾಲೇಜ್ನೋರೇ ಏಳಿದ್ರು.”

ಮೇಡಂ ಅವನ ಕಪಾಳಕ್ಕೆ ಬಾರಿಸಿದರು. ಡ್ರೈವರ್ ಕಬ್ಬಿಣದ ಸಲಾಕೆ ಎತ್ತಿ ಮೊದಲು ಯಂತ್ರಕ್ಕೆ, ಮರುಕ್ಷಣವೇ ಅವರ ಮುಖಕ್ಕೆ ಹೊಡೆದ. ಎಡಗಣ್ಣಿನಿಂದ ರಕ್ತ ಚಿಮ್ಮಿತು. ನಾನು ಮಾಲೀಕನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದೆ. ಅಷ್ಟರಲ್ಲಿ ಮೇಡಂ, ಮುರಿದ ಯಂತ್ರದ ಕಾಲು ಕಿತ್ತು ಡ್ರೈವರ್‌ನ ಮಂಡಿಗೆ ಬೀಸಿದರು. ಅವನು ಬಿದ್ದ. ಬಿದ್ದವನಿಗೂ ಹೊಡೆದರು, ಮತ್ತೆ ಮತ್ತೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೆಳಗೆ ಮಕ್ಕಳು ಚೀರುತ್ತಿದ್ದರು.

“ಸಾಕು ಮೇಡಂ, ಸತ್ತೋಗ್ತಾನೆ!” ಎಂದು ಅವರ ಕೈ ಹಿಡಿದೆ.

ಮೇಡಂ ಅವರ ಎಡಗಣ್ಣು ಉಳಿಯಲಿಲ್ಲ. ಪಟ್ಟಿ ಕಟ್ಟಿಕೊಂಡೇ ಅಧಿಕಾರಿಗಳೆದುರು ನಿಂತು ತಮ್ಮ ಲೆಕ್ಕವನ್ನು ಬಿಡಿಸಿ ಹೇಳಿದರು. ಕ್ರಷರ್‌ಗೆ ಬೀಗ ಬಿತ್ತು. ಊರವರು ಹಾರ ತಂದರೆ ಗದರಿಸಿ ಕಳಿಸಿದರು. ಮತ್ತೆ ಪಾಠಕ್ಕೆ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೊರಟರು.

ಯಶವಂತಪುರ ಸ್ಟೇಷನ್ನಿನಲ್ಲಿ ಅವರ ಚೀಲಗಳನ್ನು ರೈಲಿಗೆ ಹತ್ತಿಸಿದೆ. ಕಿಟಕಿಯಿಂದ ಕೇಳಿದರು: “ಆ ಡ್ರೈವರ್ ನೆಟ್ಟಗ ನಡೀತಾನೇನೋ?”

“ಇಲ್ಲ ಮೇಡಂ. ಗೊರಗುಂಟೆಪಾಳ್ಯದಲ್ಲಿ ನೋಡ್ದೆ. ಊರುಗೋಲು ಹಿಡ್ಕೊಂಡು, ಬಸ್ ಹತ್ತೋಕಾಗ್ದೆ ನಿಂತಿದ್ದ.”

“ಅಂವ ಬಿದ್ದಮ್ಯಾಲೂ ಹೊಡದೆ,” ಎಂದರು.

ರೈಲು ಅಲುಗಿತು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಹಾಗೆ: ಕುರುಡಾದ ಕಣ್ಣಿಂದಲೂ ನೀರಿಳಿಯುತ್ತಿತ್ತು.