ಗುರುವಾರದೊಳಗೆ ಹೇಳಬೇಕಿದ್ದ ಮಾತು

ಸೋಮವಾರ ಬೆಳಿಗ್ಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಸ್ಕ್ಯಾನಿಂಗ್ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಕನ್ನಡಕ ತೆಗೆದಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಗೆಲ್ಲ ನಾನು ಬೇರೆ ಯಾವಳೋ ಬಸುರಿಯ ಪಕ್ಕದಲ್ಲಿ ಅವಳ ತಾಯಿ ಕಾರ್ಡು ಹಿಡಿದು ನಿಂತಿರುತ್ತಿದ್ದೆ. ಈ ಸಲ ಕುರ್ಚಿಯಲ್ಲಿ ಕೂತಿದ್ದವಳು ನಾನೇ.

ನಾನು ಆಶಾ ಕಾರ್ಯಕರ್ತೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಒಳಗೆ ಎರಡು ಕಿಲೋಮೀಟರ್ ನಡೆದರೆ ಸಿಗುವ ಊರು ನನ್ನದು. ಊರಿನ ಬಸುರಿಯರ ಹೆಸರು ಬರೆದುಕೊಳ್ಳುವುದು, ಕಬ್ಬಿಣದ ಮಾತ್ರೆ ಕೊಡುವುದು, ದಿನ ತುಂಬಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಮದುವೆಯಾಗಿ ಹನ್ನೊಂದು ವರ್ಷ ನನಗೆ ಮಕ್ಕಳಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅತ್ತೆ ತನ್ನ ಸೊಸೆಯ ಮುಂದೆಯೇ, “ಇವ್ಳ್ಗೇನ್ ಗೊತ್ತು ಎರ್ಗೆ ಇಸ್ಯ?” ಎಂದಿದ್ದಳು. ನಾನು ನಕ್ಕು ರಿಜಿಸ್ಟರ್ ತೆರೆದಿದ್ದೆ. ಮನೆಗೆ ಬಂದು ಅತ್ತಿದ್ದೆ. ಮೂವತ್ತಾರನೆಯ ವಯಸ್ಸಿನಲ್ಲಿ, ಮಕ್ಕಳಾಗಲೆಂದು ನುಂಗುತ್ತಿದ್ದ ಔಷಧಿಗಳನ್ನೆಲ್ಲ ಬಿಟ್ಟು ಒಂದೂವರೆ ವರ್ಷವಾದ ಮೇಲೆ, ಮುಟ್ಟು ನಿಂತಿತು.

ಆರನೇ ತಿಂಗಳಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅನ್ನ ಕಡಿಮೆ ಮಾಡಿದೆ, ಮಾತ್ರೆ ನುಂಗಿದೆ, ಸಂಜೆ ಸಂಜೆ ಕೆರೆ ಏರಿಯ ಮೇಲೆ ನಡೆದೆ. ಈಗ ಮೂವತ್ತೆಂಟು ವಾರ ತುಂಬಿತ್ತು.

“ನೋಡಮ್ಮ,” ಎಂದರು ಡಾಕ್ಟರಮ್ಮ. “ಸ್ಕ್ಯಾನಿಂಗ್‌ನಲ್ಲಿ ಮಗು ಮೂರು ಕೆಜಿ ಒಂಬೈನೂರು ಗ್ರಾಂ ಅಂತ ಬಂದಿದೆ. ಸ್ಕ್ಯಾನಿಂಗ್ ತೂಕ ಅಂದಾಜು ಅಷ್ಟೆ, ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಆದರೆ ಸಕ್ಕರೆ ಇರೋದರಿಂದ ತಾನಾಗಿ ನೋವು ಬರಲಿ ಅಂತ ತುಂಬಾ ದಿನ ಕಾಯೋದು ನನಗೆ ಇಷ್ಟ ಇಲ್ಲ. ಎರಡು ದಾರಿ ಇದೆ. ಒಂದು, ಅಡ್ಮಿಟ್ ಮಾಡಿ ಔಷಧಿ ಇಟ್ಟು ನೋವು ಬರಿಸೋದು. ಒಂದು ದಿನ ಆಗಬಹುದು, ಎರಡು ದಿನ ಆಗಬಹುದು. ಗರ್ಭಕೋಶದ ಬಾಯಿ ತೆರೆಯದೇ ಹೋದರೆ ಕೊನೆಗೆ ಆಪರೇಷನ್‌ಗೇ ಬರಬೇಕು. ಇನ್ನೊಂದು, ದಿನ ಗೊತ್ತು ಮಾಡಿ ನೇರವಾಗಿ ಸಿಸೇರಿಯನ್.”

“ನೀವೇ ಹೇಳಿ ಮೇಡಂ, ಯಾವುದು ಒಳ್ಳೆಯದು?”

“ಎರಡೂ ಮಾಡಬಹುದು ಅನ್ನೋ ಹಾಗಿದೆ, ಅದಕ್ಕೇ ನಿಮ್ಮನ್ನ ಕೇಳ್ತಿರೋದು. ನಾರ್ಮಲ್‌ನಲ್ಲಿ ಮಗು ದೊಡ್ಡದಿದ್ದರೆ ಹೆಗಲು ಸಿಕ್ಕಿಕೊಳ್ಳೋ ಅಪಾಯ ಸ್ವಲ್ಪ ಇರುತ್ತೆ. ಆಪರೇಷನ್‌ನಲ್ಲಿ ರಕ್ತ ಹೋಗೋದು, ಗಾಯ ಮಾಗೋದು ತಡ ಆಗೋದು ಇರುತ್ತೆ, ನಿಮಗೆ ಸಕ್ಕರೆ ಬೇರೆ. ಮನೇಲಿ ಮಾತಾಡಿ ಗುರುವಾರದೊಳಗೆ ಹೇಳಿ.”

ಹೆಗಲು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ.

ಐದು ವರ್ಷದ ಹಿಂದೆ ನಮ್ಮ ಊರಿನ ಒಬ್ಬಳನ್ನು ಮಧ್ಯಾಹ್ನದ ಹೊತ್ತು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೊರಟಿದ್ದೆ. ನೋವು ಜೋರಾಗಿತ್ತು, ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಮಗುವಿನ ತಲೆ ಕಾಣಿಸಿತು. ಗಾಡಿ ನಿಲ್ಲಿಸಿದರು. ತಲೆ ಹೊರಗೆ ಬಂತು, ಹೆಗಲು ಬರಲಿಲ್ಲ. ಗಾಡಿಯಲ್ಲಿದ್ದ ನರ್ಸ್ ಅವಳ ಮಂಡಿಗಳನ್ನು ಎದೆಗೆ ಒತ್ತಿ ಹಿಡಿಯಲು ನನಗೆ ಹೇಳಿದಳು, ತಾನು ಕಲಿತಿದ್ದನ್ನೆಲ್ಲ ಮಾಡಿದಳು. ನಾನು ಹಿಡಿದುಕೊಂಡಿದ್ದೆ. ಆ ಪುಟ್ಟ ಮುಖ ನನ್ನ ಕಣ್ಣೆದುರೇ ಬಣ್ಣ ಬದಲಾಯಿಸಿತು. ಮಗು ಹೊರಗೆ ಬಂದಾಗ ಅದು ಉಳಿದಿರಲಿಲ್ಲ. ಯಾರ ತಪ್ಪೂ ಇರಲಿಲ್ಲ. ಆ ತಾಯಿ ಆಮೇಲೆ ಗಂಡನ ಜೊತೆ ತಮಿಳುನಾಡಿನ ಕಡೆಗೆ ಕೆಲಸಕ್ಕೆ ಹೋದಳು, ನಾನು ಇನ್ನೊಮ್ಮೆ ಅವಳನ್ನು ನೋಡಲಿಲ್ಲ. ನನ್ನ ಗಂಡನಿಗೆ ಬಿಟ್ಟು ಈ ವಿಷಯವನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದಾಗ ನನ್ನ ಅವ್ವ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾಣಂತನಕ್ಕೆಂದು ಕೌದಳ್ಳಿಯಿಂದ ಬಂದು ಆಗಲೇ ಎಂಟು ದಿನವಾಗಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

“ನಾನು ನಾಲ್ಕ್ ಎತ್ತಿವ್ನಿ, ಯಾವ್ ಡಾಕುಟ್ರು ಇದ್ರು? ಔಸ್ದಿ ಇಡಿಸ್ಕ, ನೋವು ತಿನ್ನು, ಎರು. ಕುಯ್ಸ್ಕಂಡ್ರೆ ಸೊಂಟನೇ ಓಯ್ತದೆ. ಆಮೇಲೆ ಆ ಬೀದಿ ಬೀದಿ ಸುತ್ತೋ ಕೆಲ್ಸ ಎಂಗ್ ಮಾಡಿಯೆ?”

“ಮೊಗ ದೊಡ್ಡದು ಅಂತಾರೆ ಅವ್ವಾ.”

“ದೊಡ್ಡದಾದ್ರೆ ಒಳ್ಳೇದೆಯಾ. ನೀನೂ ದಪ್ಪುಕ್ಕೇ ಇದ್ದೆ.”

ಒಳಗೆ ಹೋಗಿ ಮಲಗಿದೆ. ಮಗು ಹೊಟ್ಟೆಯ ಬಲಗಡೆ ಒದೆಯಿತು. ಪ್ರತಿ ಸಲ ಒದ್ದಾಗಲೂ ಬೆರಳು ಮಡಿಸಿ ಎಣಿಸುವುದು ನಾನೇ ಎಲ್ಲರಿಗೂ ಕಲಿಸಿಕೊಟ್ಟ ಅಭ್ಯಾಸ. ಎಣಿಸುತ್ತಾ ಹೋದ ಹಾಗೆ ಧೈರ್ಯ ಬರುವ ಬದಲು ಎಣಿಕೆಯೇ ತಪ್ಪತೊಡಗಿತು. ಹನ್ನೊಂದು ವರ್ಷ ಕಾಯ್ದು ಪಡೆದದ್ದನ್ನು ನಾನು ಆರಿಸಿದ ದಾರಿಯಲ್ಲಿ ಕಳೆದುಕೊಂಡರೆ? ಡಾಕ್ಟರಮ್ಮನೇ ಒಂದನ್ನು ಹೇಳಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಮರುದಿನ ಹಿಂದಿನ ಬೀದಿಯ ಒಬ್ಬಳ ಮನೆಗೆ ಹೋದೆ. ಎರಡು ವರ್ಷದ ಹಿಂದೆ ಅವಳಿಗೆ ಔಷಧಿ ಇಟ್ಟೇ ನೋವು ಬರಿಸಿದ್ದರು. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ಅವಳು ಪಟ್ಟ ಪಾಡನ್ನು ಪಕ್ಕದಲ್ಲೇ ಇದ್ದು ನೋಡಿದ್ದೆ. ನನ್ನ ಕೈಯನ್ನು ಅವಳು ಹಿಚುಕಿದ್ದಕ್ಕೆ ವಾರವಿಡೀ ಬೆರಳು ನೋಯುತ್ತಿತ್ತು. ಅವಳ ಮಗಳು ಈಗ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದಳು.

“ಮತ್ತೆ ಆದ್ರೆ ಅಂಗೇ ಮಾಡಿಸ್ಕತೀಯಾ?” ಎಂದು ಕೇಳಿದೆ.

“ಊಂ ಕಣಕ್ಕಾ. ನೋವು ಗೀವು ಒಂದೂ ಗ್ಯಾನ ಇಲ್ಲ ನಂಗೆ. ಸಂಜೆಗೆ ಎದ್ದು ಓಡಾಡ್ದೆ. ನೀನು ಯಾಕಕ್ಕಾ ಇಂಗೆ ಬೆವ್ರ್ತಾ ಇದ್ದೀಯ? ನೀನೇ ಅಲ್ವಾ ನಂಗೆ ದೈರ್ಯ ಏಳ್ದೋಳು?”

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಆ ದಿನ ಅವಳಿಗೆ ಧೈರ್ಯ ಹೇಳುವಾಗ ನನ್ನೊಳಗೆ ಆಂಬುಲೆನ್ಸಿನ ಮಧ್ಯಾಹ್ನವೇ ಓಡುತ್ತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಅದೇ ಸಂಜೆ ಯಳಂದೂರಿನ ಗೆಳತಿಗೆ ಫೋನ್ ಮಾಡಿದೆ. ಅವಳೂ ಆಶಾ, ಇಬ್ಬರೂ ಒಟ್ಟಿಗೆ ತರಬೇತಿ ಪಡೆದವರು. ಮೂರು ವರ್ಷದ ಹಿಂದೆ ಅವಳು ದಿನ ಗೊತ್ತು ಮಾಡಿಕೊಂಡು ಆಪರೇಷನ್ ಮಾಡಿಸಿಕೊಂಡಿದ್ದಳು.

“ಸುಳ್ಳು ಏಳಕಿಲ್ಲ,” ಎಂದಳು. “ನಂಗೆ ಕುಯ್ದಿದ್ ಜಾಗ್ದಲ್ಲಿ ಒಲ್ಗೆ ಬಿಟ್ಕಂಡು ಕೀವಾಗೋಯ್ತು. ದಿನಾ ಡ್ರೆಸಿಂಗು. ಮೊಗೀಗೆ ಆಲು ಕುಡಿಸಕ್ಕೆ ಕೂತ್ಕಂಡ್ರೆ ಜೀವ ಓದಂಗಾಯ್ತಿತ್ತು. ನಿಂಗೆ ಸುಗರ್ ಬೇರೆ ಅದೆ.”

“ಅಂಗಾದ್ರೆ ಬ್ಯಾಡ ಅಂತೀಯಾ?”

“ಅಂಗೂ ಏಳಕಾಗಕಿಲ್ಲ ಕಣೆ. ನಂದು ನನ್ ಮೈಗಾಯ್ತು, ಮೊಗೀಗೆ ಏನೂ ಆಗ್ನಿಲ್ಲ. ನಿಂಗೆ ಯಾವುದ್ರ ಭಯ ಜಾಸ್ತಿ? ಅದ ನೋಡ್ಕ.”

ಬುಧವಾರ ಮಧ್ಯಾಹ್ನ ನನ್ನ ಗಂಡ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರ ಎದ್ದು ಎಡೆಬಿಡದೆ ತಿನ್ನುವ ಹೊತ್ತು, ಅವರಿಗೆ ಪುರುಸೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತು, “ನಾಳೆ ಡಾಕ್ಟರಮ್ಮಂಗೆ ಏಳ್ಬೇಕು. ನೀವೇನಂತೀರಿ?” ಎಂದೆ.

ಅವರು ಕೈಯಲ್ಲಿದ್ದ ಸೊಪ್ಪನ್ನು ಹಾಕಿ ಮುಗಿಸಿದರು. “ನಾನ್ ಏನ್ ಏಳ್ಲಿ? ನೀ ಉಳ್ಕಂಡ್ರೆ ಸಾಕು ನಂಗೆ. ಮೊಗ ಆಮೇಲಿಂದು.”

ಪ್ರೀತಿಯಿಂದಲೇ ಹೇಳಿದ್ದರು. ನನಗೆ ಮಾತ್ರ ಮೈ ಉರಿದುಹೋಯಿತು. “ಆಮೇಲಿಂದು ಅಂದ್ರೆ? ಅದು ಒಳ್ಗೆ ಕೇಳುಸ್ಕತಾ ಅದೆ ಅನ್ನೋದ್ ಗ್ಯಾನ ಇಲ್ವಾ ನಿಮ್ಗೆ?” ಎಂದು ಕಿರುಚಿಬಿಟ್ಟೆ. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಅದುವರೆಗೆ ಕೇಳಿರಲೇ ಇಲ್ಲ.

ನನ್ನ ದನಿ ಕೇಳಿ ಅವ್ವ ಓಡಿಬಂದಳು. “ಏನಾಯ್ತವ್ವಾ? ನೋವು ಬಂತಾ?”

ಅಲ್ಲೇ ಹುಳದ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತು ನಾನು ಅವಳಿಗೆ ಆಂಬುಲೆನ್ಸಿನ ಮಧ್ಯಾಹ್ನದ ಕಥೆ ಹೇಳಿದೆ. ತಲೆ ಬಂದದ್ದು, ನಾನು ಮಂಡಿ ಹಿಡಿದದ್ದು, ಆ ಮುಖ. ಎಲ್ಲವನ್ನೂ ಹೇಳಿದೆ. ಒಳಗೆ ಹುಳ ಸೊಪ್ಪು ತಿನ್ನುವ ಸಪ್ಪಳವಷ್ಟೇ ಕೇಳುತ್ತಿತ್ತು. ಮುಗಿಸಿದಾಗ ಅವಳು ನನ್ನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು.

“ಇದ ಎದೇಲಿ ಮಡಿಕಂಡು ನೋವು ತಿನ್ನಕ್ಕಾದದಾ? ಆಗಕಿಲ್ಲ. ಕುಯ್ಸ್ಕಂಡ್ಬುಡು ಮಗಾ. ಸೊಂಟದ್ದು ನಾನು ನೋಡ್ಕತೀನಿ.”

ಗುರುವಾರ ಆಸ್ಪತ್ರೆಗೆ ಹೋಗಿ ಆಪರೇಷನ್ ಎಂದು ಹೇಳಿದೆ. ಹೇಳಿದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅಲ್ಲಿಯವರೆಗೆ ಎರಡು ಕಡೆ ಹಂಚಿಹೋಗಿದ್ದ ಹೆದರಿಕೆ ಈಗ ಒಂದೇ ಕಡೆ ಬಂದು ನಿಂತಿತು. ಒಪ್ಪಿಗೆ ಪತ್ರದಲ್ಲಿ ಎಲ್ಲಿ ಸಹಿ ಹಾಕಬೇಕೆಂದು ಎಷ್ಟೋ ಜನಕ್ಕೆ ಬೆರಳಿಟ್ಟು ತೋರಿಸಿದ್ದೆ. ನನ್ನ ಸರದಿ ಬಂದಾಗ ಆ ಜಾಗವೇ ಕಾಣಲಿಲ್ಲ, ನರ್ಸ್ ತೋರಿಸಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಒಳಗೆ ಕರೆದೊಯ್ದರು. ಮೇಜು ನಾನು ಅಂದುಕೊಂಡದ್ದಕ್ಕಿಂತ ಕಿರಿದಾಗಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಅಲ್ಲಾಡಬೇಡಿ ಎಂದರು, ನನ್ನ ಇಡೀ ಮೈ ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಒಬ್ಬ ನರ್ಸ್ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಹಿಡಿದಳು. ಆಮೇಲೆ ಕಾಲು ಬೆಚ್ಚಗಾದವು, ಆಮೇಲೆ ಇಲ್ಲವೇ ಇಲ್ಲವೆಂಬಂತಾದವು. ಮುಖದ ಮುಂದೆ ಹಸಿರು ಬಟ್ಟೆ ಕಟ್ಟಿದರು.

“ಸಾ, ಉಸ್ರು ಕಟ್ತಾ ಅದೆ,” ಎಂದೆ ತಲೆಯ ಹತ್ತಿರ ಕೂತಿದ್ದ ಅರಿವಳಿಕೆ ಡಾಕ್ಟರಿಗೆ.

“ಮಾತಾಡ್ತಿದ್ದೀರಲ್ಲ, ಅಂದ್ರೆ ಉಸಿರು ಬರ್ತಿದೆ. ಹಾಗೇ ಮಾತಾಡ್ತಿರಿ. ಯಾವೂರು?”

ಊರು ಹೇಳಿದೆ. ತವರು ಕೇಳಿದರು, ಕೌದಳ್ಳಿ ಎಂದೆ. ಹೊಟ್ಟೆಯೊಳಗೆ ಯಾರೋ ದೊಡ್ಡ ಹಂಡೆ ತೊಳೆಯುತ್ತಿರುವ ಹಾಗೆ ಎಳೆದಾಟ. ನೋವಿಲ್ಲ, ಎಳೆತ ಮಾತ್ರ. ಒಮ್ಮೆ ಇಡೀ ಮೈಯನ್ನು ಮೇಜಿನಿಂದ ಎತ್ತಿದ ಹಾಗಾಯಿತು. ಆಮೇಲೆ ಎಲ್ಲರೂ ಸುಮ್ಮನಾದರು. ನಾನು ಅಳುವಿಗಾಗಿ ಕಿವಿ ಕೊಟ್ಟೆ. ಬರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದೆ. ಒಂಬತ್ತಕ್ಕೆ ಬಂದಾಗ ಬೆಕ್ಕಿನ ಮರಿ ಕೂಗಿದ ಹಾಗೆ ಒಂದು ಸಣ್ಣ ದನಿ ಕೇಳಿಸಿತು.

ಹೆಣ್ಣು ಮಗು. ಒಂದು ಗಳಿಗೆ ನನ್ನ ಕೆನ್ನೆಗೆ ಅದರ ಕೆನ್ನೆ ತಾಗಿಸಿದರು. ತೂಕ ಎಷ್ಟೆಂದು ಕೇಳಿದೆ. “ಮೂರು ಕೆಜಿ ಇನ್ನೂರೈವತ್ತು,” ಎಂದಳು ನರ್ಸ್.

ನಾನು ಸುಮ್ಮನೆ ಮೇಲಿನ ದೀಪವನ್ನು ನೋಡಿದೆ. ಅಷ್ಟು ತೂಕದ ಮಕ್ಕಳನ್ನು ಹೆತ್ತು ಸಂಜೆಗೆ ಎದ್ದು ಓಡಾಡಿದವರು ನನ್ನ ರಿಜಿಸ್ಟರಿನಲ್ಲಿ ಬೇಕಾದಷ್ಟು ಜನ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಸಕ್ಕರೆ ಇಳಿದಿದೆ ಎಂದು ಅದನ್ನು ಮಕ್ಕಳ ವಾರ್ಡಿಗೆ ಒಯ್ದರು. ಸಕ್ಕರೆ ಇರುವ ತಾಯಂದಿರ ಮಕ್ಕಳಿಗೆ ಹೀಗಾಗುವುದುಂಟು, ಗ್ಲುಕೋಸ್ ಕೊಟ್ಟರೆ ಸರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಸೊಂಟದ ಕೆಳಗೆ ಮೈಗೆ ಇನ್ನೂ ಸ್ಪರ್ಶ ಮರಳಿರಲಿಲ್ಲ, ಎದ್ದು ಹೋಗುವ ಹಾಗಿರಲಿಲ್ಲ. ಬಾಗಿಲಲ್ಲಿ ಯಾರ ಚಪ್ಪಲಿ ಸದ್ದಾದರೂ ಕೆಟ್ಟ ಸುದ್ದಿ ತಂದರೆಂದೇ ಅನ್ನಿಸುತ್ತಿತ್ತು. ನನ್ನ ಗಂಡ ಮಕ್ಕಳ ವಾರ್ಡಿಗೂ ನನ್ನ ಮಂಚಕ್ಕೂ ಓಡಾಡಿದರು. ಪ್ರತಿ ಸಲ ಫೋನಿನಲ್ಲಿ ಫೋಟೋ ತೆಗೆದು ತರುತ್ತಿದ್ದರು. ಕೈಗೆ ಪಟ್ಟಿ ಸುತ್ತಿದ ಮಗು, ನಿದ್ದೆಯಲ್ಲಿ ಬಾಯಿ ತೆರೆದ ಮಗು. ಐದನೆಯ ಸಲ ತಂದಾಗ, “ನೋಡು, ಕಣ್ ಬಿಟ್ಟವ್ಳೆ, ನನ್ನೇ ನೋಡ್ತಾವ್ಳೆ,” ಎಂದು ಹೇಳುತ್ತಾ ಅತ್ತುಬಿಟ್ಟರು. ಮಗು ಆಮೇಲಿನದು ಎಂದವರು ಅವರೇ. ನನಗೆ ಕೋಪ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಗುವನ್ನು ತಂದು ನನ್ನ ಪಕ್ಕದಲ್ಲಿ ಮಲಗಿಸಿದರು. ಅವ್ವ ನನ್ನ ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ತಲೆ ಹಿಡಿದು ಎದೆಗೆ ತಂದಳು. ಎರಡು ಸಲ ಬಾಯಿ ತಪ್ಪಿತು, ಮೂರನೆಯ ಸಲ ಹಿಡಿಯಿತು. ಹೊಲಿಗೆ ಚುರುಚುರು ಎನ್ನುತ್ತಿತ್ತು. ಅದು ಕುಡಿಯುವುದನ್ನು ನಿಲ್ಲಿಸಿದಾಗಲೆಲ್ಲ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಡಾಕ್ಟರಮ್ಮ ರೌಂಡ್ಸಿಗೆ ಬಂದು ಗಾಯ ನೋಡಿ, ಚೆನ್ನಾಗಿದೆ ಎಂದರು. ಅವರು ಮುಂದಿನ ಮಂಚಕ್ಕೆ ಹೊರಟಾಗ ಕೇಳಿಯೇ ಬಿಟ್ಟೆ.

“ಮೇಡಂ, ಔಷಧಿ ಇಟ್ಟಿದ್ದರೆ ಇವಳು ನಾರ್ಮಲ್ಲಾಗಿ ಬರುತ್ತಿದ್ದಳಾ?”

ಅವರು ನಿಂತು ಮಗುವಿನ ಕಾಲು ಮುಟ್ಟಿದರು. “ಬರಬಹುದಿತ್ತು. ಬರದೇ ಇರಬಹುದಿತ್ತು. ನನಗೆ ಗೊತ್ತಿಲ್ಲಮ್ಮ.”

ಅವ್ವ ನನ್ನ ಮುಖ ನೋಡಿದಳು. “ಅದೆಲ್ಲಾ ಯಾಕೆ ಈಗ? ಏಳು, ನರ್ಸಮ್ಮ ಬಚ್ಲುಮನೆ ಗಂಟ ನಡಿಬೇಕು ಅಂದವ್ಳೆ.” ಮಗುವನ್ನು ನನ್ನ ಗಂಡನ ಕೈಗೆ ಕೊಟ್ಟು ಅವಳು ನನ್ನ ತೋಳಿಗೆ ತೋಳು ಸೇರಿಸಿದಳು. ನಾನು ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಬಗ್ಗಿಕೊಂಡೇ, ಗೋಡೆ ಹಿಡಿದು ಮೊದಲ ಹೆಜ್ಜೆ ಇಟ್ಟೆ.