ಕೊನೆಯ ಹಾಳೆ ಹುಡುಕಿಕೊಂಡು

ಪುಸ್ತಕ ನನ್ನ ಕೈಯಲ್ಲೇ ಮುಗಿದುಹೋಯಿತು. ಮುಗಿದದ್ದು ಕತೆಯಲ್ಲ, ಕಾಗದ. ಮನೆಯಿಂದ ಕಾಣೆಯಾದ ಹೆಂಗಸೊಬ್ಬಳನ್ನು ಹುಡುಕುತ್ತಿದ್ದ ಪತ್ತೇದಾರ, "ಆಕೆ ಎಲ್ಲಿದ್ದಾಳೆಂದು ಈಗ ಗೊತ್ತಾಯಿತು" ಎಂದು ಕುರ್ಚಿಯಿಂದ ಎದ್ದ. ನಾನು ಹಾಳೆ ಮಗುಚಿದೆ. ಅಲ್ಲಿ ಹಿಂಬದಿಯ ರಟ್ಟು ಮಾತ್ರ ಇತ್ತು. ಯಾವ ಪುಣ್ಯಾತ್ಮ ಹೊಗೆಸೊಪ್ಪು ಕಟ್ಟಲು ಕೊನೆಯ ಹಾಳೆಗಳನ್ನು ಹರಿದುಕೊಂಡಿದ್ದನೋ, ನನಗಂತೂ ಮೈಯೆಲ್ಲ ಉರಿಯಿತು. ಜಗಲಿಯ ಮೇಲೆ ಕೂತು ನನ್ನ ಓದು ಕೇಳುತ್ತಿದ್ದವರಲ್ಲಿ ಒಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ. ಕುರಿ ಕಾಯುವ ಮುದುಕ ಸಣ್ಣೀರಜ್ಜ ಗಂಟಲು ಸರಿಮಾಡಿಕೊಂಡು, "ಸರಿ, ಹಾಳೆ ಹರಿದೈತೆ. ಈಗ ಯಾರು ಮೊದ್ಲು ಹೇಳ್ತೀರ?" ಎಂದ.

ಒಬ್ಬೊಬ್ಬರಾಗಿ ಹೇಳತೊಡಗಿದರು. ಒಬ್ಬ ಹುಡುಗಿ ಹಾಲಿನವನೇ ಕಳ್ಳ ಅಂದಳು. ಸಣ್ಣೀರಜ್ಜನ ಪ್ರಕಾರ ಆ ಹೆಂಗಸನ್ನು ಬೆಟ್ಟದ ಮೋಹಿನಿ ಕರೆದೊಯ್ದಿತ್ತು, ಪ್ಯಾಂಟು ತೊಟ್ಟ ಪತ್ತೇದಾರ ಅಲ್ಲಿಗೆ ಹತ್ತಲಾರ. ಕಡೆಗೆ ನನ್ನ ಮನೆಯೊಡತಿ ನರಸಮ್ಮ ಕಂಬಕ್ಕೆ ಒರಗಿಕೊಂಡು, ಕಣ್ಣಾರೆ ಕಂಡವರ ದನಿಯಲ್ಲಿ ಹೇಳಿದರು: "ಅವ್ಳು ಬದುಕವ್ಳೆ ಕಣ್ರಲಾ. ಬ್ಯಾರೆ ಊರಾಗೆ ಬಟ್ಟೆ ಹೊಲ್ಕೊಂಡು ತನ್ನ ಮುದ್ದೆ ತಾನು ಉಣ್ತಾವ್ಳೆ. ಬತ್ತಾಳೆ ಒಂದಿನ." ಎಲ್ಲರೂ ತಲೆಯಾಡಿಸಿ, ಬಟ್ಟೆ ಕೊಡವಿಕೊಂಡು ಮನೆಗೆ ಹೋದರು. ನಾನು ಮಾತ್ರ ರಟ್ಟನ್ನು ನೋಡುತ್ತಾ ಕೂತೆ.

ಕಡಲ ಬದಿಯಲ್ಲಿರುವ ನಿಮಗೆ ಐ.ಡಿ.ಹಳ್ಳಿ ಎಲ್ಲಿದೆಯೆಂದು ಗೊತ್ತಿರಲಾರದು. ನನಗೂ ಗೊತ್ತಿರಲಿಲ್ಲ. ರಾಜ್ಯ ಒಂದಾದ ಮೇಲೆ ಉಡುಪಿ ಕಡೆಯ ಹುಡುಗಿಯನ್ನು ಮಧುಗಿರಿ ತಾಲ್ಲೂಕಿಗೆ ಹಾಕುವುದು ಸರ್ಕಾರಕ್ಕೆ ಸುಲಭವಾಯಿತು, ನಾನು ಗ್ರಾಮಸೇವಿಕೆಯಾಗಿ ಬಂದಿಳಿದೆ. ಹೊಗೆಯಿಲ್ಲದ ಒಲೆ ಕಟ್ಟುವುದು, ಹಿತ್ತಲಲ್ಲಿ ಸೊಪ್ಪು ಬೆಳೆಸುವುದು, ಹೊಲಿಗೆ ಹಾಕುವುದು, ಇವನ್ನೆಲ್ಲ ಹೆಂಗಸರಿಗೆ ಕಲಿಸುವ ಕೆಲಸ. ಒಲೆ ಕಟ್ಟಿಸಿಕೊಂಡ ಹೆಂಗಸರು ನನ್ನೆದುರು ಅದರಲ್ಲಿ ನೀರು ಕಾಯಿಸಿ, ನಾನು ಬೆನ್ನು ತಿರುಗಿಸಿದ ಮೇಲೆ ಹಳೆಯ ಒಲೆಯಲ್ಲೇ ಮುದ್ದೆ ತಿರುವುತ್ತಿದ್ದರು. ಅದಕ್ಕೆ ನಾನೂ ಏನೂ ಅನ್ನುತ್ತಿರಲಿಲ್ಲ.

ಮೊದಲ ದಿನ ನರಸಮ್ಮ "ನಮ್ಮಟ್ಟಿಗೆ ಬರ್ರಿ" ಎಂದು ಕರೆದಾಗ ಕಕ್ಕಾಬಿಕ್ಕಿಯಾದೆ. ನಮ್ಮಲ್ಲಿ ಹಟ್ಟಿ ಎಂದರೆ ದನ ಕಟ್ಟುವ ಜಾಗ, ಇಲ್ಲಿ ಅದೇ ಮನೆ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಯನ್ನು ಅಗಿದು ಉಣ್ಣುತ್ತೇವೆ, ಇಲ್ಲಿ ರಾಗಿಮುದ್ದೆಯನ್ನು ಅಗಿದರೆ ನಗುತ್ತಾರೆ. ಅದನ್ನು ಸಾರಿನಲ್ಲಿ ಅದ್ದಿ ಹಾಗೇ ನುಂಗಲು ಕಲಿತ ದಿನ ನರಸಮ್ಮ ಬೀದಿಗೆಲ್ಲ ಸಾರಿಕೊಂಡು ಬಂದರು. ನನ್ನ ಮನೆಮಾತು ತುಳು, ಕನ್ನಡ ಕಲಿತದ್ದು ಶಾಲೆಯಲ್ಲಿ. "ಮೇಡಮ್ನೋರು ಬಾಯ್ಬಿಟ್ರೆ ಪುಸ್ತಕ ಓದ್ದಂಗೇ ಇರ್ತೈತೆ," ಎಂದು ಮಕ್ಕಳು ನನ್ನ ಮಾತನ್ನು ಅಣಕಿಸುತ್ತಿದ್ದರು. ಮಳೆಗಾಲದಲ್ಲಿ ಮಳೆಯ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅತ್ತು ಬಿಡೋಣವೆಂದರೆ, ಈ ಊರಲ್ಲಿ ಒಬ್ಬಳೇ ಕೂತು ಅಳುವುದಕ್ಕೂ ಯಾರೂ ಬಿಡುವುದಿಲ್ಲ.

ಆ ಒಂಟಿತನಕ್ಕೆ ಮದ್ದಾಗಿ ಬಂದದ್ದು ಪುಸ್ತಕದ ಪೆಟ್ಟಿಗೆ. ಮಧುಗಿರಿಯಿಂದ ಬಸ್ಸಿನ ಮೇಲೆ ಹೇರಿಕೊಂಡು ಬರುವ ಈ ಪೆಟ್ಟಿಗೆ ಕೆಲವು ತಿಂಗಳು ನಮ್ಮಲ್ಲಿದ್ದು, ಆಮೇಲೆ ದೊಡ್ಡೇರಿಗೋ ಪುರವರಕ್ಕೋ ಹೋಗುತ್ತದೆ. ಊರೂರು ಸುತ್ತಿ ಸುಸ್ತಾದ ಪುಸ್ತಕಗಳು. ಒಂದಕ್ಕೆ ಮೊದಲಿಲ್ಲ, ಹೆಚ್ಚಿನವಕ್ಕೆ ಕೊನೆಯಿಲ್ಲ. ಮಕ್ಕಳ ಚಿತ್ರದ ಪುಸ್ತಕ, ದೆವ್ವದ ಕತೆ, ಮಾಂತ್ರಿಕನ ಕತೆ, ಪತ್ತೇದಾರಿ, ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ನಮ್ಮ ಮನೆಯಲ್ಲಿ ಹೀಗಿರಲಿಲ್ಲ. ಅಪ್ಪ ಶಾಲಾ ಮಾಸ್ತರರು, ಅವರ ಕಪಾಟಿಗೆ ಬೀಗ. ಚಿಕ್ಕವಳಿದ್ದಾಗ ಯಾವ ಪುಸ್ತಕ ಕೇಳಿದರೂ "ಇದು ನಿನ್ನ ಪ್ರಾಯಕ್ಕಲ್ಲ" ಎನ್ನುತ್ತಿದ್ದರು. ದೊಡ್ಡವಳಾಗಿ ಮಕ್ಕಳ ಕತೆ ಮುಟ್ಟಿದರೆ "ಈ ಪ್ರಾಯದಲ್ಲಿ ಇದೆಂಥದು" ಎನ್ನುತ್ತಿದ್ದರು. ಹೀಗೆ ಎರಡೂ ಕೈತಪ್ಪಿ ಹೋಗಿದ್ದವು. ಪಟ್ಟಣ ನೋಡಲು ಹೊರಟ ಆಮೆಯ ಕತೆಯನ್ನು ನಾನು ಮೊಟ್ಟಮೊದಲು ಓದಿದ್ದು ಐ.ಡಿ.ಹಳ್ಳಿಯಲ್ಲಿ, ಸರ್ಕಾರಿ ಸಂಬಳ ಎಣಿಸಿಕೊಳ್ಳುವ ವಯಸ್ಸಿನಲ್ಲಿ. ಆಮೆ ಬಸ್ಸಿಗೆ ಕೈ ತೋರಿಸುವ ಚಿತ್ರ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇಲ್ಲಿ ಯಾವ ಪುಸ್ತಕ ಯಾರ ವಯಸ್ಸಿನದೆಂದು ಯಾರಿಗೂ ಗೊತ್ತಿಲ್ಲ. ಸಣ್ಣೀರಜ್ಜನಿಗೆ ಆಮೆಯೇ ಬೇಕು, ಹಲ್ಲು ಬೀಳುವ ಮಕ್ಕಳಿಗೆ ಕೊಲೆಯೇ ಬೇಕು. ಸಂಜೆ ದೀಪ ಹಚ್ಚಿದ ಮೇಲೆ ನಾನು ದೊಡ್ಡದಾಗಿ ಓದುವುದು, ಹಾಳೆ ಹರಿದಲ್ಲಿ ಕೇಳುವವರು ತುಂಬುವುದು. ಓದುವವರು ಬದಲಾದರೂ, ನಾನು ಬರುವ ಮೊದಲಿನಿಂದಲೂ ಈ ಊರಿನ ರೂಢಿಯೇ ಅದು.

ಆದರೆ ನಾನು ಅಪ್ಪನ ಮಗಳು. ಅಚ್ಚಾದದ್ದು ಏನೆಂದು ತಿಳಿಯದೆ ನನಗೆ ತಡೆಯುತ್ತಿರಲಿಲ್ಲ. ಆ ಹೆಂಗಸು ಎಲ್ಲಿ ಹೋದಳು? ಒಲೆಗೆ ಮಣ್ಣು ಮೆತ್ತುವಾಗಲೂ ಅದೇ ಚಿಂತೆ. ಪೂರ್ತಿ ಪ್ರತಿ ಹುಡುಕಿಯೇ ತೀರುತ್ತೇನೆಂದು ಹೊರಟೆ. ರಜೆ ಬಂದರೆ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಸುತ್ತಿದೆ. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ನಾನು ಓದುವುದಕ್ಕಾಗಿಯೇ ಸುತ್ತಿದವಳು. ಕೊರಟಗೆರೆಯ ವಾಚನಾಲಯದಲ್ಲಿ ಗಂಡಸರೆಲ್ಲ ಪತ್ರಿಕೆಯ ಮೇಲಿನಿಂದ ಇಣುಕಿ ನೋಡಿದರು. ಪತ್ತೇದಾರಿ ಸಿಗಲಿಲ್ಲ. ಬದಲಿಗೆ ಚಂದ್ರಲೋಕಕ್ಕೆ ಹೋದವರ ಕತೆಯೊಂದು ಸಿಕ್ಕಿತು. ಅದನ್ನು ಕೇಳಿ ಸಣ್ಣೀರಜ್ಜ, "ಅಲ್ಲಿ ಮೇವು ಐತಾ?" ಎಂದು ಮಾತ್ರ ಕೇಳಿದ.

ಪಾವಗಡಕ್ಕೆ ಹೊರಟ ದಿನ ನರಸಮ್ಮನೂ ಜೊತೆಗೆ ಬಂದರು. ಆ ಕಡೆ ಹೋದಷ್ಟೂ ಮಾತು ತೆಲುಗಿಗೆ ವಾಲುತ್ತದೆ, ಅವರಿಗೆ ಎರಡೂ ನೀರು ಕುಡಿದಷ್ಟು ಸಲೀಸು. ಅಲ್ಲಿನ ಶಿಕ್ಷಕರೊಬ್ಬರ ಮನೆಯಲ್ಲಿ ಒಂದು ತೆಲುಗು ಪುಸ್ತಕವಿತ್ತು, ಗಿಳಿಯಲ್ಲಿ ಪ್ರಾಣ ಇಟ್ಟುಕೊಂಡ ಮಾಂತ್ರಿಕನದು. ಶಿಕ್ಷಕರು ಓದುತ್ತ ಹೋದರು, ನರಸಮ್ಮ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. ಓದು ಬಾರದವರು ಓದಿದವಳಿಗೆ ಪುಸ್ತಕ ಹೇಳಿಕೊಟ್ಟರೆಂದು ನನಗೆ ಖುಷಿಯಾಯಿತು.

ಆಮೇಲೆ ಪೇಟೆಗೆ ಬಂದೆವು. ನರಸಮ್ಮ ಏನನ್ನೂ ಕೊಳ್ಳಲಿಲ್ಲ. ಹೊಲಿಗೆ ಮಿಷನ್ ಇದ್ದ ಅಂಗಡಿಗಳ ಮುಂದೆಲ್ಲ ನಿಂತು, ಒಳಗೆ ಕತ್ತು ಚಾಚಿ, "ಇಕ್ಕಡ ರತ್ನಮ್ಮ ಅನಿ ಎವರೈನಾ ಉನ್ನಾರಾ?" ಎಂದು ಕೇಳಿದರು. ಇಲ್ಲಿ ರತ್ನಮ್ಮ ಅಂತ ಯಾರಾದರೂ ಇದ್ದಾರಾ ಎಂದು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಬಸ್ಸಿಗೆ ಕಾಯುವಾಗ ಯಾರು ರತ್ನಮ್ಮ ಎಂದು ಕೇಳಿದೆ.

"ನನ್ ಮಗ್ಳು ಕಣಮ್ಮ. ಈ ಕಡೀಕೇ ಕೊಟ್ಟಿದ್ದೆ. ಒಂದಿನ ನಸುಕಲ್ಲಿ ನೀರಿಗೆ ಅಂತ ಹೋದೋಳು ತಿರ್ಗ ಮನೀಗ್ ಬರ್ಲಿಲ್ಲ. ಬಾವಿ ನೀರೆಲ್ಲ ತೋಡ್ಸಿದ್ವಿ. ಬಿಂದ್ಗೆ ಸಿಕ್ತು, ಅವ್ಳು ಸಿಗ್ಲಿಲ್ಲ." ಸೆರಗಿನ ತುದಿ ತಿರುವುತ್ತಾ, "ಸಿಗ್ಲಿಲ್ಲ ಅಂದ್ರೆ ಬದುಕವ್ಳೆ ಅಂತ ತಾನೆ?" ಎಂದರು. ನಾನು ಹೌದು ಎಂದೆ. ಬೇರೆ ಏನು ಹೇಳಲಿ.

ಅಲ್ಲಿಗೆ ಹುಡುಕಾಟ ಬಿಟ್ಟುಬಿಟ್ಟೆ. ಆದರೆ ಬೇಡವೆಂದು ಬಿಟ್ಟಾಗಲೇ ಸಿಗುವುದು ವಸ್ತುಗಳ ಜಾತಿಗುಣ. ಇಲಾಖೆಯ ಕೆಲಸಕ್ಕೆ ಶಿರಾಕ್ಕೆ ಹೋಗಿದ್ದೆ. ಅಲ್ಲಿ ಖಾದರ್ ಸಾಹೇಬರ ರದ್ದಿ ಕಾಗದದ ಅಂಗಡಿಯ ಮುಂದೆ ಹಾದುಹೋಗುವಾಗ ಅವರೇ ಕರೆದರು. ಹಿಂದೊಮ್ಮೆ ನಾನು ಹೇಳಿಟ್ಟು ಹೋದದ್ದನ್ನು ಅವರು ಮರೆತಿರಲಿಲ್ಲ.

"ನೋಡಿ ಮೇಡಂ, ನಿಮ್ಮ ಕಿತಾಬು. ಆಖಿರಿ ಪನ್ನ ತನಕ ಪೂರಾ ಅದೆ," ಎಂದು ಧೂಳು ಒರೆಸಿ ಕೊಟ್ಟರು. ಆಖಿರಿ ಪನ್ನ ಎಂದರೆ ಕೊನೆಯ ಹಾಳೆ. ದುಡ್ಡು ಕೊಡಹೋದರೆ, "ಓದಿ ಹೆಂಗೈತೆ ಅಂತ ಹೇಳಿ, ಅಷ್ಟು ಸಾಕು," ಎಂದರು.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತೇ ಕೊನೆಯ ಹಾಳೆಗಳನ್ನು ಓದಿದೆ. ಆ ಹೆಂಗಸು ಮನೆಯ ಹಿಂದಿನ ಬಾವಿಯಲ್ಲಿದ್ದಳು. ಕೊಂದವನು ಗಂಡ. ಪತ್ತೇದಾರ ಟೋಪಿ ತೆಗೆದು ತಲೆ ತಗ್ಗಿಸಿದನೆಂಬಲ್ಲಿಗೆ ಕತೆ ಮುಗಿದಿತ್ತು. ಇಷ್ಟು ದಿನ ಇದಕ್ಕಾಗಿ ಒದ್ದಾಡಿದವಳಿಗೆ ಆ ಕ್ಷಣ ಪುಸ್ತಕವನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು ಬಂತು.

ಮನೆಗೆ ಬಂದವಳು ಅದನ್ನು ಟ್ರಂಕಿನಲ್ಲಿಟ್ಟೆ. ನರಸಮ್ಮ ನನ್ನ ಮುಖ ನೋಡಿಯೇ, "ಸಿಕ್ತು ಅಲ್ವಾ?" ಎಂದರು.

"ಸಿಕ್ಕಿತು. ಆದರೆ ಓದುವುದಿಲ್ಲ. ಅದು ನಿಮಗೆ ಒಳ್ಳೆಯದಲ್ಲ."

"ಸತ್ತೋಗವ್ಳಾ?"

ನಾನು ಟ್ರಂಕಿಗೆ ಬೀಗ ಹಾಕಿದೆ. ಅವರು ಒಲೆಯ ಮುಂದಿನಿಂದ ಎದ್ದು ಬಂದು ನನ್ನೆದುರೇ ಕೂತರು. "ಯಾರ್ಗೆ ಒಳ್ಳೇದು ಯಾರ್ಗೆ ಅಲ್ಲ ಅಂತ ನೀನ್ಯಾಕಮ್ಮ ತೂಗ್ತೀಯ? ನಾನೇನು ಹಸುಗೂಸಾ? ಸಂಜೀಕೆ ಓದು. ಊರೆಲ್ಲ ಕಾಯ್ತೈತೆ."

ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ಅಂದು ಮೊದಲ ಸಲ ನೀನು ಎಂದರು. ಅಪ್ಪನ ಕಪಾಟಿನ ಬೀಗದ ಕೈ ಈಗ ನನ್ನ ಸೊಂಟಕ್ಕೆ ಬಂದಿದೆ ಎಂದು ನನಗೆ ನಾಚಿಕೆಯೂ ಆಯಿತು.

ಸಂಜೆ ಓದಿದೆ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಬಾವಿಯ ಮಾತು ಬಂದಾಗ ಹಾಳೆಯಿಂದ ತಲೆಯೆತ್ತಿದೆ. ನರಸಮ್ಮ, "ಊಂ, ಮುಂದೆ," ಎಂದರು. ಮುಗಿಸಿದ ಮೇಲೆ ಜಗಲಿಯಲ್ಲಿದ್ದವರೆಲ್ಲ ನರಸಮ್ಮನ ಕಡೆ ನೋಡಿದರು. ಎಲ್ಲರಿಗೂ ರತ್ನಮ್ಮನ ವಿಷಯ ಗೊತ್ತಿತ್ತು. ನನಗೊಬ್ಬಳಿಗೆ ತಡವಾಗಿ ಗೊತ್ತಾಗಿತ್ತು, ಅಷ್ಟೆ. ಕಡೆಗೆ ಸಣ್ಣೀರಜ್ಜ, "ಬರ್ದೋನ್ಗೆ ಬುದ್ಧಿ ಇಲ್ಲ ಬುಡು," ಎಂದು ಗೊಣಗಿದ.

"ಅಂಗನ್ಬೇಡಲಾ," ಎಂದರು ನರಸಮ್ಮ. "ಪಾಪದೋಳು, ಸತ್ಲು. ಒಂದು ತೊಟ್ಟು ಕಣ್ಣೀರು ಹಾಕ್ರಿ ಅವ್ಳಿಗೆ, ಯಾರೂ ದಿಕ್ಕಿಲ್ದೋಳು." ತಾವೇ ಮೊದಲು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ನೀನ್ಯಾಕ್ ಹಂಗ್ ನೋಡ್ತೀಯ? ಅದು ಆ ಪುಸ್ತಕದೋಳ ಕತೆ ಕಣಮ್ಮ. ನನ್ ರತ್ನನ ಕತೆ ಇನ್ನೂ ಯಾರೂ ಬರ್ದಿಲ್ಲ. ಏಳು, ಮುದ್ದೆ ಆರೋಯ್ತದೆ."

ನಾನು ಏಳಲಿಲ್ಲ. ಕಂಬಕ್ಕೆ ಮುಖ ಒತ್ತಿ ಅತ್ತೆ. ಆ ಹೆಂಗಸಿಗೋ, ರತ್ನಮ್ಮನಿಗೋ, ಮನೆ ಬಿಟ್ಟು ಬಂದ ನನಗೋ ತಿಳಿಯದು.

ಅದಾದ ಮೇಲೆ ದೀರ್ಘ ರಜೆಗೆ ಊರಿಗೆ ಬಂದೆ. ಮೀನು ಸಾರು, ಹಂಚಿನ ಮಾಡಿನ ಮೇಲೆ ಒಂದು ಬೇಸಿಗೆ ಮಳೆ, ಕಡಲಿನ ಗಾಳಿ, ಬಯಸಿದ್ದೆಲ್ಲ ಸಿಕ್ಕಿತು. ಎರಡು ದಿನ ಕಳೆಯುವಷ್ಟರಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಒಂದು ಮಧ್ಯಾಹ್ನ ಹಪ್ಪಳ ಲಟ್ಟಿಸುತ್ತಿದ್ದ ಅಮ್ಮನಿಗೆ ನರಸಮ್ಮನ ಕತೆಯೆಲ್ಲ ಹೇಳಿದೆ. ಅಮ್ಮ ಲಟ್ಟಣಿಗೆ ಬದಿಗಿಟ್ಟು ಕೇಳಿದಳು.

"ಕಡೆಗೆ ಆ ಮಗಳು ಬಂದಳಾ?"

"ಬಂದಳು," ಎಂದೆ.

ಅಮ್ಮ ದೇವರ ಕೋಣೆಯ ಕಡೆ ಕೈ ಮುಗಿದು, ಮತ್ತೆ ಹಪ್ಪಳಕ್ಕೆ ಕೈಹಚ್ಚಿದಳು. ಬಾಯಿಂದ ಬಂದ ಮಾತು ಎಲ್ಲೋ ನಿಜವಾಗಿಬಿಟ್ಟಿದ್ದರೆ, ಈ ಹೊತ್ತಿಗೆ ಜಗಲಿಯ ಮೇಲೆ ರತ್ನಮ್ಮ ಕೂತಿದ್ದರೆ, ನಾನು ಇಲ್ಲಿ ಹಪ್ಪಳ ಎಣಿಸುತ್ತಾ ಏನು ಮಾಡುತ್ತಿದ್ದೇನೆ? ಕೆಲಸದ ನೆಪ ಹೇಳಿ ರಜೆ ಮುಗಿಯುವ ಮೊದಲೇ ಹೊರಟೆ. "ಬಂದ ಹಾಗೇ ಇಲ್ಲ, ನೆಂಟರ ಹಾಗೆ ಬಂದು ಹೋಗುತ್ತೀ," ಎಂದು ಅಮ್ಮ ಕಣ್ಣು ತುಂಬಿಕೊಂಡಳು. ಆ ಮಾತು ದಾರಿಯುದ್ದಕ್ಕೂ ಚುಚ್ಚಿತು.

ಐ.ಡಿ.ಹಳ್ಳಿಯಲ್ಲಿ ಬಸ್ಸು ಇಳಿದಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ದೂರದ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ ನರಸಮ್ಮ, ಚೀಲ ಹಿಡಿದ ಹೆಂಗಸೊಬ್ಬಳು ಇಳಿದದ್ದನ್ನು ಕಂಡು ಹಣೆಗೆ ಕೈ ಅಡ್ಡ ಹಿಡಿದರು. ಆಮೇಲೆ ಓಡತೊಡಗಿದರು. ಅವರು ಅಷ್ಟು ಜೋರಾಗಿ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಅವರು ಓಡಿ ಬರುತ್ತಿದ್ದದ್ದು ನನ್ನ ಕಡೆಗಲ್ಲ, ರತ್ನಮ್ಮನ ಕಡೆಗೆ.

ಹತ್ತಿರ ಬಂದವರು ನಿಂತರು. ಏದುಸಿರು ಬಿಡುತ್ತಾ ನನ್ನ ಮುಖವನ್ನೇ ನೋಡಿದರು.

"ನೀನಾ," ಎಂದರು.

"ನಾನೇ ಅಮ್ಮ," ಎಂದೆ.

ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಕಣ್ಣೊರೆಸಿಕೊಂಡು, ಮನೆಯ ಕಡೆ ಮುಂದೆ ಮುಂದೆ ನಡೆದರು.